ಕೆಂದಿಗೆ ಗುರುತಿಲ್ಲದ ನಾಯಿ

"ಹಿಡಿ ಜನಾ, ಗಟ್ಟಿ ಹಿಡಿ! ಕಾಲು ಬಿಡಬ್ಯಾಡ!"

ಆಯಿ ಕೂಗುವುದಕ್ಕೂ ಕೆಂದಿ ಕುರಿ ಒದೆಯುವುದಕ್ಕೂ ಸರಿಹೋಯಿತು. ಜನಾಬಾಯಿ ದೊಡ್ಡಿಯ ಕೆಸರಿನಲ್ಲಿ ಅಂಗಾತ ಬಿದ್ದಳು. ಪುಟ್ಟ ಮರಿ ಇನ್ನೊಂದು ಕಡೆ ಉರುಳಿತು. ಕೆಂದಿ ಮಾತ್ರ ತನಗೇನೂ ಗೊತ್ತಿಲ್ಲ ಎಂಬಂತೆ ಮೂಲೆಗೆ ಹೋಗಿ ಮೆಲುಕು ಹಾಕತೊಡಗಿತು.

ಮರಿ ಹುಟ್ಟಿದ್ದು ಮೊನ್ನೆ. ಅದರ ತಾಯಿ ಕಾಯಿಲೆ ಬಂದು ಸತ್ತಿತ್ತು. ಕೆಂದಿಯ ಮರಿಯನ್ನು ತೋಳ ಹೊತ್ತುಕೊಂಡು ಹೋಗಿತ್ತು. ಇಲ್ಲಿ ಹಾಲಿರುವ ತಾಯಿ, ಅಲ್ಲಿ ತಾಯಿಯಿಲ್ಲದ ಮರಿ. ಇಬ್ಬರನ್ನೂ ಕೂಡಿಸಿಬಿಟ್ಟರೆ ಆಯಿತಲ್ಲ ಅಂತ ನಿಮಗೆ ಅನ್ನಿಸಬಹುದು. ಆದರೆ ಅದು ಕುರಿಗೂ ಅನ್ನಿಸಬೇಕಲ್ಲ! ಕೆಂದಿ ಮರಿಯನ್ನು ಮೂಸಿ ನೋಡುತ್ತಿತ್ತು, ತನ್ನದಲ್ಲವೆಂದು ದೂರ ತಳ್ಳುತ್ತಿತ್ತು. ಹಿಡಿದು ನಿಲ್ಲಿಸಿದರೆ ಹಾಲನ್ನೇ ಬಿಡುತ್ತಿರಲಿಲ್ಲ.

ಆಯಿ ಅಂದರೆ ಜನಾಬಾಯಿಯ ಅಜ್ಜಿ ಪುತಳಾಬಾಯಿ, ಸೋಲುವವಳಲ್ಲ. ಮರಿಯ ಮೈತುಂಬ ಉಪ್ಪು ಸವರಿದಳು. ಕೆಂದಿ ಆಸೆಯಿಂದ ಬಂದು ಉಪ್ಪನ್ನೆಲ್ಲ ನೆಕ್ಕಿ ಮುಗಿಸಿತು. ಆಮೇಲೆ ಮರಿಯನ್ನು ಗುದ್ದಿತು.

"ಆಡಿನ ಹಾಲರ ಕುಡಿಸೋಣ ಆಯಿ."

"ಎಲ್ಲಿ ಅದಾವ ಆಡು? ರಜಾಕಾರರು ಹೊಡಕೊಂಡು ಹೋದ್ರಲ್ಲ!" ಎಂದಳು ಆಯಿ. "ಇರು, ಕಾಳ್ಯಾಗ ಕರಿ. ನಾಯಿ ಕಂಡ್ರ ಕುರಿಗಿ ಮರಿ ಕಾಯಬೇಕು ಅನಸ್ತದ. ನಮ್ಮ ಅತ್ತಿ ಹಂಗೇ ಕೂಡಸ್ತಿದ್ಳು."

ಕಾಳ್ಯಾ ಅವರದೇ ನಾಯಿ. ಬಾಲ ಆಡಿಸುತ್ತ ಬಂತು, ಕೆಂದಿಯ ಹೊಟ್ಟೆಗೆ ಆತು ಮಲಗಿತು. ಕೆಂದಿ ಅದರ ಬೆನ್ನ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತು.

ಜನಾಬಾಯಿಗೆ ನಗು ಬಂತು, ಅಳುವೂ ಬಂತು. ಮರಿಯ ಬಾಯಿಗೆ ಬೆರಳಿಟ್ಟಳು. ನಿನ್ನೆ ಆ ಬಾಯಿ ಬೆಚ್ಚಗಿತ್ತು. ಇವತ್ತು ತಣ್ಣಗಿತ್ತು.

"ಆಯಿ, ಕಾಳ್ಯಾ ಕೆಂದಿ ಜೊತಿಗೇ ಬೆಳದಾನ. ಅವನಿಗಿ ಅದು ಯಾಕ ಅಂಜ್ತದ? ಗುರ್ತ ಇಲ್ಲದ ನಾಯಿ ಬೇಕು."

"ಊರಾಗಿನ ನಾಯಿ ಎಲ್ಲಾ ನಮ್ಮ ಕುರಿ ಹಿಂದೇ ತಿರಗ್ತಾವ. ಗುರ್ತ ಇಲ್ಲದ್ದು ಎಲ್ಲಿಂದ ತರ್ತಿ?"

"ಆಬೇದಾನ ನಾಯಿ ಶೇರೂ ಅದಾನಲ್ಲ! ಬೀದರದಿಂದ ಬಂದಾಗಿಂದ ಮನಿ ಒಳಗೇ ಇರ್ತಾನ."

ಆಯಿಯ ಮುಖ ಗಂಟಾಯಿತು. "ಆ ಓಣಿಗಿ ಕಾಲಿಟ್ಟಿದ್ರ ನೋಡು! ನಮ್ಮ ಆಡು ಹೋಗುವಾಗ ಅವರಾಗ ಒಬ್ರರ ಹೊರಗ ಬಂದ್ರಾ?"

ಭಾರತದ ಮಿಲ್ಟ್ರಿ ಲಾರಿಗಳು ಭಾಲ್ಕಿ ರಸ್ತೆಯಲ್ಲಿ ಧೂಳೆಬ್ಬಿಸಿ ಹೋದ ದಿನ, ನಿಜಾಮರ ಆಳ್ವಿಕೆ ಮುಗಿಯಿತೆಂದು ಊರೆಲ್ಲ ಕುಣಿದಾಡಿತ್ತು. ಅದಕ್ಕೆ ಮೊದಲು ಜನಾಬಾಯಿಯ ಮನೆಯವರು, ನಿಜಾಮರ ಪರವಾಗಿ ಊರೂರು ಲೂಟಿ ಮಾಡುತ್ತಿದ್ದ ರಜಾಕಾರರಿಗೆ ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದರು. ಈಗ ಮೇಲಿನ ಓಣಿಯ ಮುಸಲ್ಮಾನರು ಊರವರ ಸೇಡಿಗೆ ಹೆದರಿ ಹಾಗೆ ಕೂತಿದ್ದರು. ಆಬೇದಾಳ ಅಪ್ಪ ಸುಭಾನ ಹತ್ತಿ ಪಿಂಜುವವನು, ರಜಾಕಾರರ ಜೊತೆ ಒಂದು ದಿನವೂ ಹೋದವನಲ್ಲ. ಆದರೆ ಸಿಟ್ಟು ಬಂದವರಿಗೆ ಅಷ್ಟೆಲ್ಲ ವಿಚಾರಿಸುವ ಪುರುಸೊತ್ತು ಎಲ್ಲಿರುತ್ತದೆ?

ಮರಿಗೆ ಶಾಖ ಕೊಡಲು ಆಯಿ ಕೆಂಡ ತರಲು ಒಳಗೆ ಹೋದಳು. ಅವಳು ಅತ್ತ ಹೋದದ್ದೇ ತಡ, ಜನಾಬಾಯಿ ಇತ್ತ ಓಟ ಕಿತ್ತಳು.

ಮೇಲಿನ ಓಣಿಯಲ್ಲಿ ಒಂದು ಕೋಳಿಯೂ ಕಾಣಲಿಲ್ಲ. ಅವಳು ಬಾಗಿಲು ಬಡಿದಳು. ಒಳಗೆ ಮಾತು ನಿಂತಿತು.

"ಆಬೇದಾ, ನಾ ಜನಾ! ಸಾಲ್ಯಾಗ ನಿನ್ನ ಬಾಜೂಕ ಕೂಡ್ತೀನಲ್ಲ."

ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. ಸಂದಿಯಲ್ಲಿ ಆಬೇದಾಳ ಒಂದು ಕಣ್ಣು ಕಂಡಿತು.

"ನಿಮ್ಮ ಶೇರೂ ಬೇಕು."

"ಯಾಕ? ಹೊಡೀಲಿಕ್ಕಾ?"

"ಇಲ್ಲ! ನಮ್ಮ ಕುರಿಗಿ ಅಂಜಸಲಿಕ್ಕ!" ಜನಾಬಾಯಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು.

ಆಬೇದಾಳ ತಾಯಿ ಮಹಮೂದಾ ಬೇಗಂ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ ಬೇಟಿ. ದಿನಮಾನ ಛಲೋ ಇಲ್ಲ. ಮನಿಗಿ ಹೋಗು."

"ಖಾಲಾ, ಮರಿ ಬಾಯಿ ತಣ್ಣಗಾಗ್ಯಾದ್ರಿ," ಎಂದಳು ಜನಾಬಾಯಿ.

"ಅಮ್ಮೀ, ಶೇರೂ ಬ್ಯಾರೇವ್ರ ಸಂಗಟ ಹೋಗಾಂಗಿಲ್ಲ. ನಾನೇ ಕರ್ಕೊಂಡು ಹೋಗ್ತೀನಿ," ಎಂದಳು ಆಬೇದಾ.

ಮಹಮೂದಾ ಬೇಗಂ ಓಣಿಯ ಎರಡೂ ಕಡೆ ಇಣುಕಿ ನೋಡಿದಳು. ಆಮೇಲೆ ಮಗಳ ತಲೆಗೆ ಓಢಣಿ ಹೊದಿಸಿದಳು. "ಲಗೂನ ಬಾ," ಎಂದಳು.

ಓಣಿಯ ತಿರುವಿನ ಕಟ್ಟೆಯ ಮೇಲೆ ನಾಲ್ಕಾರು ಜನ ಕೂತಿದ್ದರು. "ಏ, ಯಾರದು? ಆ ನಾಯಿ ಎಲ್ಲಿಗಿ ಒಯ್ಲಾಕತ್ತೀರಿ?" ಎಂದು ಒಬ್ಬ ಗದರಿದ. ಹುಡುಗಿಯರು ಹಿಂತಿರುಗಿ ನೋಡದೆ ಓಡಿದರು.

ದೊಡ್ಡಿಯೊಳಗೆ ಕಾಲಿಟ್ಟ ಶೇರೂ ಇಷ್ಟೊಂದು ಕುರಿಗಳನ್ನು ಒಟ್ಟಿಗೆ ಎಂದೂ ಕಂಡಿರಲಿಲ್ಲ. ಗಾಬರಿಯಾಗಿ ಬೊಗಳಿತು.

ಕೆಂದಿಯ ಕಿವಿಗಳು ನೆಟ್ಟಗಾದವು. ಅದು ನಾಯಿಯನ್ನು ನೋಡಿತು. ನೆಲಕ್ಕೊರಗಿದ್ದ ಮರಿಯನ್ನು ನೋಡಿತು. ಮತ್ತೆ ನಾಯಿಯನ್ನು ನೋಡಿತು. ಒಂದೊಂದೇ ಹೆಜ್ಜೆ ಇಟ್ಟು ಬಂದು ಇಬ್ಬರ ನಡುವೆ ನಿಂತಿತು. ಮುಂಗಾಲನ್ನು ಎತ್ತಿ ಧಪ್ ಎಂದು ನೆಲಕ್ಕೆ ಬಡಿಯಿತು.

"ಆಬೇದಾ, ಹಗ್ಗ ಸಡ್ಲ ಬಿಡು!"

ಶೇರೂ ಇನ್ನೊಮ್ಮೆ ಬೊಗಳಿತು. ಕೆಂದಿ ತಲೆ ತಗ್ಗಿಸಿ ನುಗ್ಗಿಯೇ ಬಂತು. ಶೇರೂ ಅಂದರೆ ಹುಲಿಯಂತೆ! ಆ ಹುಲಿ ಕುಂಯ್ ಎಂದು ಆಬೇದಾಳ ಲಂಗದ ಹಿಂದೆ ಅಡಗಿತು.

ಗೆದ್ದ ಕೆಂದಿ ಮರಿಯ ಹತ್ತಿರ ಹೋಯಿತು. ಅದನ್ನು ಮೂಸಿತು. ಕೆಂದಿ ಈ ಸಲ ಗುದ್ದಲಿಲ್ಲ. ಗಂಟಲೊಳಗೇ ಸಣ್ಣಗೆ ಗುರುಗುಟ್ಟಿ ಕರೆಯಿತು. ಮರಿ ಎದ್ದಿತು, ಬಿದ್ದಿತು, ಮತ್ತೆ ಎದ್ದು ಕೆಚ್ಚಲಿಗೆ ಬಾಯಿ ಹಾಕಿತು. ಅದರ ಪುಟ್ಟ ಬಾಲ ಪಟಪಟ ಆಡತೊಡಗಿತು.

"ಕುಡೀಲಾಕತ್ತದ! ಆಬೇದಾ, ಕುಡೀಲಾಕತ್ತದ!" ಜನಾಬಾಯಿ ಕೆಸರಿನಲ್ಲೇ ಕುಣಿದಳು. ಆಬೇದಾ ಅವಳನ್ನು ತಬ್ಬಿಕೊಂಡು ತಾನೂ ಕುಣಿದಳು.

ತಿರುಗಿ ನೋಡಿದರೆ ದೊಡ್ಡಿಯ ಬಾಗಿಲಲ್ಲಿ ಆಯಿ! ಕೈಯಲ್ಲಿ ಕೆಂಡದ ಹಂಚು ಹಿಡಿದು ಯಾವಾಗಿನಿಂದಲೋ ನಿಂತಿದ್ದಳು. ಆಬೇದಾಳ ಕುಣಿತ ನಿಂತಿತು. ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡು ಹಿಂದೆ ಸರಿದಳು.

"ಹಗ್ಗ ಬಿಡಬ್ಯಾಡವಾ," ಎಂದಳು ಆಯಿ. ಅವಳ ದನಿ ಮೆತ್ತಗಿತ್ತು. "ಅಲ್ಲೇ ನಿಲ್ಲು. ಅದು ಹೊಟ್ಟಿ ತುಂಬ ಕುಡೀಲಿ."

ಮರಿಯ ಹೊಟ್ಟೆ ಉಬ್ಬಿತು. ಆಯಿ ಒಂದು ರೊಟ್ಟಿ ತಂದು ಅರ್ಧವನ್ನು ಕಾಳ್ಯಾಗೆ, ಅರ್ಧವನ್ನು ಶೇರೂಗೆ ಹಾಕಿದಳು.

"ನಾಳಿನೂ ಕರ್ಕೊಂಡು ಬಾರವಾ. ಒಂದ ಸಲಕ್ಕ ಬಿಟ್ರ ಕುರಿ ಮತ್ತ ಮರೀತದ."

"ಅಮ್ಮಿ ಕಳಸಾಂಗಿಲ್ಲ," ಎಂದಳು ಆಬೇದಾ ತಲೆ ಬಗ್ಗಿಸಿ. "ಈಗ ಹೋಗ್ಲಿಕ್ಕೂ ಅಂಜಿಕಿ ಬರ್ತದ. ಕಟ್ಟಿ ಮ್ಯಾಲ ಮಂದಿ ಕುಂತಾರ."

ಆಯಿ ಕೆಂದಿಯ ಕಡೆ ನೋಡಿದಳು, ಆಬೇದಾಳ ಕಡೆ ನೋಡಿದಳು. ಸೆರಗು ಬಿಗಿದು ಸಿಕ್ಕಿಸಿಕೊಂಡಳು. ಕುರಿ ಕಾಯುವ ಕೋಲು ಕೈಗೆ ತೆಗೆದುಕೊಂಡಳು.

"ನಡೀರಿ."

ಆಯಿ ಮುಂದೆ, ಹುಡುಗಿಯರೂ ಶೇರೂವೂ ಹಿಂದೆ. ಕಟ್ಟೆಯ ಮೇಲಿದ್ದವರು ಎದ್ದು ನಿಂತರು.

"ಪುತಳಾ ಆಯಿ, ಏನಿದು? ಆ ಮನಿ ಹುಡುಗೀಗಿ ನೀವು..."

"ನಮ್ಮ ಮರಿಗಿ ಬದುಕಿಸ್ಯಾಳಪ್ಪ," ಎಂದಳು ಆಯಿ ನಿಲ್ಲದೆ. "ನಾಳಿನೂ ಬರ್ತಾಳ, ನಾಡದೂ ಬರ್ತಾಳ. ದಾರಿ ಬಿಡ್ರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಒಬ್ಬ ಸರಿದ, ಆಮೇಲೆ ಎಲ್ಲರೂ ಸರಿದರು.

ಮೇಲಿನ ಓಣಿಯಲ್ಲಿ ಒಂದು ಬಾಗಿಲು ಕಿರ್ ಎಂದಿತು. ಮಹಮೂದಾ ಬೇಗಂ ಹೊಸ್ತಿಲ ಮೇಲೆ ನಿಂತು ಕಾಯುತ್ತಿದ್ದಳು.

ಜನಾಬಾಯಿ ಆಯಿಯ ಬೆನ್ನನ್ನೇ ನೋಡುತ್ತ ನಾಲ್ಕು ಹೆಜ್ಜೆ ನಡೆದಳು. ಆಮೇಲೆ ಆಬೇದಾಳ ಕೈ ಬಿಟ್ಟು ಓಡಿ ಹೋಗಿ, ಅವಳಿಗೆ ಕಾವಲಾಗಿ ತಾನೂ ಆಯಿಯ ಪಕ್ಕದಲ್ಲಿ ಮುಂದೆ ನಡೆದಳು.