ಬುಟ್ಟಿಗೆ ಬಿದ್ದ ಪುಟ

"ಅಯ್ಯೋ, ಇದು ನನ್ನ ಅಕ್ಷರ!" ಅಕ್ಕ ಕಾಗದದ ಕಾಲರನ್ನು ಎತ್ತಿ ಹಿಡಿದು ಕೂಗಿದಳು.

ಚೂಟಿಯ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಗೊಂಬೆಯ ಫ್ರಾಕಿಗೆಂದು ಅವಳು ಕಾಲರು, ತೋಳು ಎಲ್ಲ ಕತ್ತರಿಸಿ ಮುಗಿಸಿದ್ದಳು. ನೋಡಿದರೆ ಅದು ಅಕ್ಕ ಮೂರು ದಿನ ತಲೆ ಕೆರೆದುಕೊಂಡು ಬರೆದ ಪುಟ! 'ನೀವು ಕಾನೂನು ಓದಬೇಕು ಅಂದುಕೊಂಡಿದ್ದೇಕೆ?' ಎಂದು ಲಾ ಕಾಲೇಜಿನವರು ಕೇಳಿದ್ದರು. ಐದು ಗಂಟೆಯೊಳಗೆ ಕೊಡದಿದ್ದರೆ ಸೀಟಿಲ್ಲ. ಆಗಲೇ ಮೂರು ಹೊಡೆದಿತ್ತು.

ಅಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿದಳು. "ಕಣ್ಣು ಎಲ್ಲಿಟ್ಟಿದ್ದೆ? ಅಕ್ಕನ ಒಂದು ವರ್ಷ ಹಾಳು ಮಾಡ್ತೀಯಾ?"

"ಮಾಡೋದೆಲ್ಲ ಮಾಡಿ ಹೇಗೆ ನಿಂತಿದೆ ನೋಡು, ಗುಂಡುಕಲ್ಲಿನ ಹಾಗೆ!" ಅಜ್ಜಿಯೂ ದನಿಗೂಡಿಸಿದಳು.

ಬೆಳಗಿನಿಂದ ಬಾಗಿಲ ಹಿಂದೆ ಮುನಿಸಿಕೊಂಡು ಕೂತಿದ್ದ ತಮ್ಮ ಕೂಡ ಇಣುಕಿ ನೋಡಿದ. ಚೂಟಿಗೆ ಬಾಯಿ ತೆರೆದರೆ ಅಳುವೇ ಬರುತ್ತಿತ್ತು.

"ಅಮ್ಮಾ, ಒಂದ್ನಿಮಿಷ ಸುಮ್ನಿರು. ಅವಳೂ ಹೇಳ್ಲಿ." ಅಕ್ಕ ಅವಳೆದುರು ನೆಲದ ಮೇಲೆ ಕೂತಳು. ಅಕ್ಕನ ಕಣ್ಣೂ ತುಂಬಿತ್ತು. "ಚೂಟಿ, ಇದು ನಿಂಗೆ ಎಲ್ಲಿ ಸಿಕ್ತು?"

"ಮೆಷಿನ್ ಪಕ್ಕದ ಬುಟ್ಟೀಲಿ. ಅದ್ರಲ್ಲಿರೋದನ್ನ ಕತ್ತರಿಸ್ಬಹುದು ಅಂತ ಅಮ್ಮಾನೇ ಹೇಳಿರೋದು."

ಅದೂ ನಿಜವೇ. ಅಮ್ಮ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕಾಗದದಲ್ಲಿ ಅಳತೆ ಕತ್ತರಿಸುತ್ತಿದ್ದಳು. ಅದಕ್ಕೆಂದೇ ಅಕ್ಕನ ಹಳೇ ನೋಟ್ಸೆಲ್ಲ ಆ ಬುಟ್ಟಿ ಸೇರುತ್ತಿತ್ತು.

"ಬುಟ್ಟಿಗೆ ಯಾರು ಹಾಕಿದ್ರು?"

ಅಮ್ಮ ನಾಲಿಗೆ ಕಚ್ಚಿಕೊಂಡಳು. "ಬೆಳಿಗ್ಗೆ ಮೇಜು ಒರೆಸೋವಾಗ... ಹಳೇ ನೋಟ್ಸು ಅಂತ... ನಾನೇ..."

ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು.

ಚೂಟಿ ಗಡಿಬಿಡಿಯಿಂದ ತುಂಡುಗಳನ್ನು ಜೋಡಿಸಿದಳು. ಕಾಲರಿನ ಮೇಲೆ 'ನ್ಯಾಯ', ತೋಳಿನ ಮೇಲೆ 'ಸಮಾಜದ ಏಳಿಗೆ'. "ಇದನ್ನೇ ನೋಡ್ಕೊಂಡು ಬರಿ ಅಕ್ಕಾ."

ಅಕ್ಕ ಓದಿದಳು. ಯಾಕೋ ಮುಖ ಕಿವುಚಿದಳು. "ಬೇಡ ಬಿಡು. ಎಲ್ರೂ ಇದನ್ನೇ ಬರೀತಾರೆ."

ಹೊಸ ಹಾಳೆಯಲ್ಲಿ ಅವಳ ಪೆನ್ನು ಓಡತೊಡಗಿತು. ಚೂಟಿ ಹೆಗಲ ಮೇಲಿಂದ ಇಣುಕಿದಳು. 'ನಮ್ಮ ಮನೆಯಲ್ಲಿ ಮೊದಲು ಬೈಯುತ್ತಾರೆ, ಆಮೇಲೆ ಕೇಳುತ್ತಾರೆ. ನನಗೆ ಮೊದಲು ಕೇಳುವುದು ಇಷ್ಟ.'

"ಮನೆ ಮಾನ ತೆಗೀತೀಯಲ್ಲೇ!" ಎಂದಳು ಅಮ್ಮ. ಆದರೂ ಅಕ್ಕನ ತಲೆ ಸವರಿದಳು.

ಚೂಟಿ ಬಾಗಿಲ ಕಡೆ ತಿರುಗಿದಳು. ಬೆಳಿಗ್ಗೆ ತನ್ನ ನೀಲಿ ಬಣ್ಣದ ಪೆನ್ಸಿಲ್ ಮುರಿದಿತ್ತೆಂದು ತಮ್ಮನಿಗೆ ಎರಡು ಬಿಗಿದಿದ್ದಳು. ಅವನು "ಅದು ನಾನಲ್ಲ..." ಎಂದು ಶುರುಮಾಡಿದ್ದ. ಅವಳು ಮುಗಿಸಲು ಬಿಟ್ಟಿರಲಿಲ್ಲ.

ಅವಳು ಮೆಲ್ಲಗೆ ಹೋಗಿ ಅವನೆದುರು ನೆಲದ ಮೇಲೆ ಕೂತಳು.

"ಪುಟ್ಟಾ, ಬೆಳಿಗ್ಗೆ ಏನೋ ಹೇಳಕ್ಕೆ ಬಂದ್ಯಲ್ಲ, ಏನದು?"