ಬಿಚ್ಚದೆ ಬಿಟ್ಟ ಬ್ಯಾಟರಿ ವೈರು

ಚಟ್ಟನೆ ಕಿಡಿ ಹಾರಿ, ಹಳೇ ಕಾರಿನ ಹೆಡ್‌ಲೈಟ್ ಸ್ವಿಚ್ಚು ಅವಳ ಕೈಯಲ್ಲೇ ಸುಟ್ಟು ಕಪ್ಪಾಯಿತು. ಬೆಳಿಗ್ಗೆ ರಿಪೇರಿಗೆ ಬಂದಾಗ ಅದರ ಸ್ಪ್ರಿಂಗ್ ಮಾತ್ರ ಮುರಿದಿತ್ತು.

ಬ್ಯಾಟರಿ ವೈರು ಬಿಚ್ಚದೆ ಸ್ವಿಚ್ಚು ಮುಟ್ಟಬೇಡಿ ಎಂದು ಗ್ಯಾರೇಜಿನವರಿಗೆಲ್ಲ ಪಾಠ ಹೇಳುತ್ತಿದ್ದವಳು ಅವಳೇ. ಅದಕ್ಕೇ ಎಲ್ಲರ ಬಾಯಲ್ಲೂ ‘ವೈರು ಟೀಚರ್’ ಆಗಿದ್ದಳು.

“ಏನಾಯ್ತು?” ಹಿಂದಿನ ಸೀಟಿನಲ್ಲಿದ್ದ ಕಾರಿನ ಯಜಮಾನ ಮುಂದೆ ಬಗ್ಗಿದ. ಟೈಲರ್ ಅವನು.

“ಹಳೇ ವೈರಲ್ವಾ... ಶಾರ್ಟ್ ಆಯ್ತು.” ಸುಳ್ಳು ತಡವರಿಸದೆ ಬಂತು.

ಅವನ ಮುಖ ಬಾಡಿತು. “ಹಾಗಾದ್ರೆ ತಪ್ಪು ನಂದೇ. ಮೊನ್ನೆ ಫ್ಯೂಸ್ ಹಾಕಿದ್ದು ನಾನು.”

ಅಲ್ಲ ಎನ್ನಬೇಕಿತ್ತು. ಅವಳು ಸ್ಕ್ರೂಡ್ರೈವರ್ ಒರೆಸುತ್ತ ಕೂತಳು.

ಸುಟ್ಟ ವಾಸನೆಗೆ ಅವಳ ಚಿಕ್ಕಪ್ಪ ಓಡಿ ಬಂದರು. ಗ್ಯಾರೇಜು ಅವರದು. ವಿಷಯ ಕೇಳಿ ನಕ್ಕರು. “ಟೈಲರ್ ಸಾಹೇಬ್ರೇ, ಗುಂಡಿ ಹೊಲಿದಷ್ಟು ಸುಲಭ ಅಂದ್ಕೊಂಡ್ರಾ?”

ಗ್ಯಾರೇಜೆಲ್ಲ ನಕ್ಕಿತು. ಅವನೂ ನಕ್ಕ, ತಲೆ ತಗ್ಗಿಸಿ. “ನನ್ನ ಕೈಲಿ ಈ ಕಾರು ಉಳಿಯಲ್ಲ ಅಂತ ಸೋದರಮಾವ ಆಗ್ಲೇ ಹೇಳಿದ್ರು. ಅವರಿಗೇ ಕೊಟ್ಬಿಡ್ತೀನಿ. ಇನ್ನು ಇತ್ತ ಬರೋ ಕೆಲಸಾನೂ ಇಲ್ಲ.”

ಅವನು ಗೇಟಿನತ್ತ ನಡೆದ. ಭೂಮಿ ಬಾಯಿಬಿಡಬಾರದೇ ಎನಿಸಿತು ಅವಳಿಗೆ. ಭೂಮಿ ಬಾಯಿಬಿಡಲಿಲ್ಲ. ಅವಳೇ ಎದ್ದು ಓಡಿದಳು.

“ನಿಲ್ಲಿ. ನಿಮ್ಮ ಫ್ಯೂಸ್ ಸರಿಯಾಗಿದೆ. ನಾನು ಬ್ಯಾಟರಿ ವೈರು ಬಿಚ್ಚಿರ್ಲಿಲ್ಲ.”

“ನೀವಾ? ನೀವು ಹೇಗ್ರೀ ಮರೀತೀರಿ?”

ಈ ಪ್ರಶ್ನೆಗೇ ಅವಳು ಹೆದರಿದ್ದು. ಕಣ್ಣು ಅವನ ಚಪ್ಪಲಿಯಿಂದ ಮೇಲೇಳಲಿಲ್ಲ.

“ನೀವು ಸೀಟಿನ ಅಂಚು ಹೊಲೀತಾ ಇದ್ರಿ. ದಾರಾನ ಹಲ್ಲಲ್ಲಿ ಕಚ್ಚಿ ಕಡಿದ್ರಿ. ಕನ್ನಡಿಯಲ್ಲಿ ಕಾಣ್ತಿತ್ತು... ನೋಡ್ತಾ ಕೂತೆ. ಎಲ್ಲ ಮರೆತ್ಹೋಯ್ತು.”

ಅವಳು ಕದ್ದು ನೋಡಿದಳು. ಅವನ ಕಿವಿ ಕೆಂಪಾಗಿತ್ತು.

“ಆ ಅಂಚು ಹೋದ ವಾರವೇ ಹೊಲಿದು ಮುಗಿದಿತ್ತು,” ಎಂದ ಮೆಲ್ಲಗೆ. “ಇವತ್ತು ಬಿಚ್ಚಿ ಮತ್ತೆ ಹೊಲೀತಿದ್ದೆ.”

ಅವಳಿಗೆ ನಗು ಬಂತು. ಆದರೆ ಇನ್ನೊಂದು ಕೆಲಸ ಬಾಕಿಯಿತ್ತು. ತಿರುಗಿ, ಎಲ್ಲರಿಗೂ ಕೇಳುವಂತೆ ಕೂಗಿದಳು: “ಚಿಕ್ಕಪ್ಪಾ, ಸ್ವಿಚ್ಚು ಸುಟ್ಟಿದ್ದು ನಾನು. ವೈರು ಬಿಚ್ಚಿರ್ಲಿಲ್ಲ. ಇವರದೇನೂ ತಪ್ಪಿಲ್ಲ.”

ಸುತ್ತಿಗೆಯ ಸದ್ದು ನಿಂತಿತು.

“ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!” ಎಂದರು ಚಿಕ್ಕಪ್ಪ. ಈ ಸಲ ಗ್ಯಾರೇಜು ಇನ್ನೂ ಜೋರಾಗಿ ನಕ್ಕಿತು. ಅವಳ ಮುಖ ಉರಿಯಿತು.

ಟೈಲರ್ ನಗಲಿಲ್ಲ. ಗೇಟು ದಾಟಲೂ ಇಲ್ಲ. ಬಂದು, ಆ ನಗೆಗೆಲ್ಲ ಎದುರಾಗಿ, ಅವಳ ಪಕ್ಕದಲ್ಲಿ ನಿಂತ.