ಅರವತ್ನಾಲ್ಕರ ಲೆಕ್ಕ

ಕತ್ತರಿಯ ತುದಿ ನನ್ನ ಗಂಟಲಿಗೆ ತಾಗಿತ್ತು.

ರೇಷ್ಮೆ ಕತ್ತರಿಸುವ ಕತ್ತರಿ. ಒಳ್ಳೆ ಹರಿತ!

"ಅಡ್ಡ ಬರಬ್ಯಾಡ ಬಾಲರಾಜು," ಎಂದ ಮೊಳಕಾಲ್ಮೂರಿನ ಸೀರೆ ಸಾಹುಕಾರ ಬೊಮ್ಮಲಿಂಗಪ್ಪ. "ಈ ಹುಡುಗೀನ ಸ್ಟೇಷನ್ನಿಗೆ ಎಳ್ಕೊಂಡ್ ಹೋಗ್ತೀನಿ."

ಹುಡುಗಿ ಕಾಂಚನಾ. ನಾವಿದ್ದ ಸೈಬರ್ ಸೆಂಟರ್ ಅವಳದೇ. ನನ್ನ ಬೆನ್ನ ಹಿಂದೆ ಹಲ್ಲು ಕಚ್ಚಿ ನಿಂತಿದ್ದಳು. ಸ್ಟೇಷನ್ ಮೆಟ್ಟಿಲು ಹತ್ತಿದರೆ ಅಂಗಡಿಗೆ ಬೀಗ, ಅದು ಅವಳಿಗೂ ಗೊತ್ತಿತ್ತು. ಬಾಗಿಲಲ್ಲಿ ಸಾಹುಕಾರನ ಬಾಮೈದ ಚಿರಂಜೀವಿ ಹಲ್ಲುಕಡ್ಡಿ ಆಡಿಸುತ್ತಿದ್ದ.

ನಾನು? ಅವಳು ಫೋನ್ ಮಾಡಿ ಕರೆಸಿದ ಚಳ್ಳಕೆರೆಯವ. ಕಳುವಾದ ಬೈಕು, ಓಡಿಹೋದ ಗಂಡ... ಎರಡನ್ನೂ ಹುಡುಕಿಕೊಡುತ್ತೇನೆ. ಬೈಕು ಸಿಕ್ಕರೆ ಜನಕ್ಕೆ ಹೆಚ್ಚು ಖುಷಿ.

ವಿಷಯ ಇಷ್ಟೇ. ಸಾಹುಕಾರ ಹಬ್ಬಕ್ಕೆಂದು ಮಾಡಿಸಿದ ಹೊಸ ಸೀರೆ ಡಿಸೈನು ಒಂದು ಸಿಡಿಯಲ್ಲಿತ್ತು. ಮಂಗಳವಾರ ಪ್ರಿಂಟ್ ತೆಗೆಸಲು ಬಾಮೈದನ ಕೈಲಿ ಇಲ್ಲಿಗೆ ಕಳಿಸಿದ್ದ. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಸಿಡಿ ಕಾಂಚನಾ ಕೈಗೆ ಬಂತು. ಸರಿಯಾಗಿ ಹನ್ನೊಂದಕ್ಕೆ ಆ ಡಿಸೈನು ಧರ್ಮಾವರದ ಎದುರಾಳಿಗೆ ಈಮೇಲ್ ಆಗಿ ತಲುಪಿತ್ತು!

ಸಾಹುಕಾರ ಎಡಗೈಲಿ ಕ್ಯಾಲ್ಕುಲೇಟರ್ ಒತ್ತಿ, ಕಾಂಚನಾ ಕಡೆ ನೋಡಿದ.

"ಸ್ಪೀಡು ಸೆಕೆಂಡಿಗೆ ಅರವತ್ನಾಲ್ಕು ಕೆ ಅಂತ ಗೋಡೆ ಮ್ಯಾಲೆ ನೀನೇ ಬರ್ಸೀಯ. ಫೈಲು ಐದು ಸಾವಿರ ಕೆ ಐತೆ. ಎಂಬತ್ತು ಸೆಕೆಂಡೂ ಬ್ಯಾಡ. ಎರಡು ನಿಮಿಷದಾಗೆ ಕಳಿಸಿ, ತಲೇನೂ ಬಾಚ್ಕೊಂಡೀಯ."

ಲೆಕ್ಕ ಸರಿಯೆಂದೇ ನನಗೂ ಅನಿಸಿತು.

"ಗೋಡೆ ಮ್ಯಾಲಿರೋದು ಬಿಟ್ ಲೆಕ್ಕ, ಸಾಹುಕಾರ್ರೆ," ಎಂದಳು ಕಾಂಚನಾ. "ಫೈಲು ಬೈಟ್ ಲೆಕ್ಕ. ಸಂತೇಲಿ ನಾಲ್ಕು ಪಾವಿಗೆ ಒಂದು ಸೇರಲ್ವಾ? ಇಲ್ಲಿ ಎಂಟು ಬಿಟ್ಟಿಗೆ ಒಂದು ಬೈಟು. ಅರವತ್ನಾಲ್ಕನ್ನ ಎಂಟರಿಂದ ಭಾಗಿಸ್ರಿ."

ಎಂಟು. ಸೆಕೆಂಡಿಗೆ ಬರೀ ಎಂಟು ಕೆ! ಐದು ಸಾವಿರ ಸಾಗಲು ಹತ್ತು ನಿಮಿಷಕ್ಕೂ ಮೇಲೆ ಬೇಕು.

ಪಾವನ್ನೇ ಸೇರೆಂದು ಅಳೆದ ಸಾಹುಕಾರ ನಂಬಲಿಲ್ಲ. ಸರಿ, ಅದೇ ಸಿಡಿ ಹಾಕಿಸಿ ಅದೇ ಫೈಲನ್ನು ನನ್ನ ಈಮೇಲಿಗೆ ಕಳಿಸಲು ಹೇಳಿದೆ. ಎಲ್ಲರೂ ಗೋಡೆ ಗಡಿಯಾರ ನೋಡಿದೆವು. ಎರಡು ನಿಮಿಷ... ಪರದೆಯ ಮೇಲಿನ ಪಟ್ಟಿ ಐದನೇ ಒಂದು ಭಾಗವೂ ತುಂಬಿರಲಿಲ್ಲ. ಎತ್ತಿನಗಾಡಿ ವಾಸಿ.

ಕತ್ತರಿ ಕೆಳಗಿಳಿಯಿತು.

"ಹಂಗಾದ್ರೆ ಅದಕ್ಕೂ ಮುಂಚೆ ಸಿಡಿ ಯಾರತ್ರ ಇತ್ತು?" ಎಂದೆ.

ಕಾಂಚನಾ ರಿಜಿಸ್ಟರ್ ತೆರೆದಳು. ಕ್ಯಾಬಿನ್ ಎರಡು. ಹತ್ತೂ ನಲವತ್ತರಿಂದ ಹತ್ತೂ ಐವತ್ತೇಳು. ಚಿರಂಜೀವಿ. ಕಾರಣ: ಜಾತಕ ನೋಡಲು.

ಬಾಗಿಲಲ್ಲಿ ಹಲ್ಲುಕಡ್ಡಿ ಮಾತ್ರ ಬಿದ್ದಿತ್ತು.

ಓಡಿದೆ. ಅವನು ಹಣ್ಣಿನ ಗಾಡಿ ಉರುಳಿಸಿ, ಗೋಡೆ ಹಾರಿ, ರಾಯದುರ್ಗದ ಬಸ್ಸಿಗೆ ನುಗ್ಗಿದ. ನಾನೂ ನುಗ್ಗಿದೆ. ಬಸ್ಸು ಅಲ್ಲಾಡಲಿಲ್ಲ. ಡ್ರೈವರ್ ಟೀ ಕುಡಿಯಲು ಹೋಗಿದ್ದ.

ಕೊರಳಪಟ್ಟಿ ಹಿಡಿದು ಎಳೆತಂದೆ.

"ಬಾವಾ... ಧರ್ಮಾವರದೋರು ಹೊಸ ಬೈಕ್ ಕೊಡಿಸ್ತೀನಿ ಅಂದ್ರು," ಎಂದ ಚಿರಂಜೀವಿ.

ಸಾಹುಕಾರ ಕುರ್ಚಿಯ ಮೇಲೆ ಕುಸಿದ. ಕಾಂಚನಾ ಕತ್ತರಿಯನ್ನು ಅವನ ಕೈಯಿಂದ ತೆಗೆದು ತನ್ನ ಡ್ರಾಯರಿಗೆ ಹಾಕಿ ಬೀಗ ಜಡಿದಳು. ನನಗೆ ಅವಳ ಮೇಲೆ ಹೆಮ್ಮೆಯಾಯಿತು.

ಸಾಹುಕಾರ ನನ್ನ ಕಡೆ ತಿರುಗಿದ.

"ತಮ್ಮ ಅಂದ್ರೆ ನಮ್ಮನೆಯಾಕೆಗೆ ಪ್ರಾಣ. ಇದನ್ನ ಹೆಂಗ್ ಹೇಳ್ಲಿ ಬಾಲರಾಜು?"

ಗಂಟಲು ಸವರಿಕೊಂಡೆ.

"ಎಂಟರಿಂದ ಭಾಗಿಸಿ ಹೇಳ್ರಿ, ಸಾಹುಕಾರ್ರೆ."